ತಡವಾಗಿ ಬಿದ್ದ ಆ ಒಂದು ಹೆಜ್ಜೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಿನಿಮಾ ಸ್ಟುಡಿಯೋಗಳ ಊರು ಬರ್ಬ್ಯಾಂಕಿನಲ್ಲಿ ಸೋಫಾ ರಿಪೇರಿ ಅಂಗಡಿಯೊಂದರ ಹಿಂದೆ ಕಿಟಕಿಯಿಲ್ಲದ ಕೋಣೆ. ಅಲ್ಲಿ ಮಾರಿತ್ಸಾ ಟೆಟ್ಲೋ ಮಂಡಿಯೂರಿ ಕೂತು, ಜಲ್ಲಿ ತುಂಬಿದ ಉದ್ದನೆಯ ಮರದ ತೊಟ್ಟಿಗೆ ನೀರು ಚಿಮುಕಿಸುತ್ತಿದ್ದಾರೆ. ಕೈಯಲ್ಲಿ ಹೂವಿನ ಗಿಡಕ್ಕೆ ನೀರು ಹಾಕುವ ತೂತಿನ ಡಬ್ಬಿ. ಒಂದು ಹಿಡಿ ಜಲ್ಲಿ ಎತ್ತಿ ಕಿವಿಯ ಹತ್ತಿರ ತಂದು ಅಲುಗಿಸುತ್ತಾರೆ. ತಲೆ ಅಡ್ಡ ಆಡಿಸಿ ಇನ್ನಷ್ಟು ನೀರು ಹಾಕುತ್ತಾರೆ.

“ಒಣಗಿದ್ರೆ ಹಲ್ಲು ಕಡಿದ ಹಾಗೆ ಕಟಕಟ ಅನ್ನತ್ತೆ. ಜಾಸ್ತಿ ನೆಂದ್ರೆ ಮೂಗಿ ಆಗ್ಬಿಡತ್ತೆ. ಸಂಜೆ ಹೊತ್ತು ಕೆರೆ ದಂಡೆ ಅಂದ್ರೆ ಇಷ್ಟೇ ತೇವ, ನೋಡಿ,” ಎಂದು ಅಂಗೈ ಚಾಚುತ್ತಾರೆ.

ವಯಸ್ಸು ಅರವತ್ತಾರು. ಮೈಮೇಲೆ ಗುಂಡಿಯಿಲ್ಲದ ಹಳೇ ಹತ್ತಿ ಅಂಗಿ. ಸರಭರ ಅನ್ನುವ ಬಟ್ಟೆ ಹಾಕಿಕೊಂಡು ಈ ಕೋಣೆಗೆ ಬರುವ ಹಾಗಿಲ್ಲ. ಕೈಗಡಿಯಾರ, ಕಿವಿಯೋಲೆ, ಕೊನೆಗೆ ಮದುವೆಯುಂಗುರ ಕೂಡ ಬಾಗಿಲ ಪಕ್ಕದ ಮೊಳೆಗೆ. ಕಾಲಲ್ಲಿ ಮಾತ್ರ ಗಂಡಸರ ಕರೀ ಬೂಟು, ಲೇಸು ಬಿಗಿದು ಕಟ್ಟಿದ್ದು. ಸಿನಿಮಾದಲ್ಲಿ ನಟ ನಡೆಯುವುದು ನಮಗೆ ಕಾಣುತ್ತದೆ. ಅವನ ಹೆಜ್ಜೆಯ ಸದ್ದು ಮಾತ್ರ ಸಾಮಾನ್ಯವಾಗಿ ಅವನದಲ್ಲ. ಇಂಥದೊಂದು ಕೋಣೆಯಲ್ಲಿ, ಪರದೆ ನೋಡುತ್ತಾ, ಇಂಥ ಯಾರೋ ನಡೆದದ್ದು. ಮಾರಿತ್ಸಾ ಈ ಊರಿನ ಚಿತ್ರಗಳಿಗಾಗಿ ಹೀಗೆ ನಡೆಯಲು ಶುರು ಮಾಡಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಇವತ್ತಿಗೂ ನಡೆಯುತ್ತಲೇ ಇದ್ದಾರೆ.

ಗಾಜಿನಾಚೆ ಧ್ವನಿಮುದ್ರಣದ ಗುಂಡಿಗಳ ಮುಂದೆ ಕ್ಲೋವಿಸ್ ಬತೀಸ್ತ್ ಕೂತಿದ್ದಾನೆ. ಲೂಯಿಸಿಯಾನಾ ಕಡೆಯವನು, ಹಿರಿಯ ಹೆಂಗಸರ ಹೆಸರಿಗೆ ‘ಮಿಸ್’ ಸೇರಿಸದೆ ಮಾತಾಡಿ ಗೊತ್ತಿಲ್ಲ.

“ಶುರು ಮಾಡೋಣವಾ ಮಿಸ್ ಮಾರಿತ್ಸಾ? ಇನ್ನು ಸ್ವಲ್ಪ ಹೊತ್ತಿಗೆ ವಿಮಾನ ಏಳತ್ತೆ, ಆ ಸದ್ದಲ್ಲಿ ಏನೂ ಮುದ್ರಿಸೋಕಾಗಲ್ಲ.”

“ಮಾಡಪ್ಪ. ವಿಮಾನಕ್ಕಿಂತ ಮುಂಚೆ ನನ್ನ ಹೊಟ್ಟೆ ಗುರುಗುಟ್ಟತ್ತೆ.”

ದೀಪ ಆರುತ್ತದೆ. ಪರದೆಯ ಮೇಲೆ ಕಪ್ಪು ಬಿಳುಪಿನ ಸಂಜೆ. ಕೆರೆಯ ಅಂಚಿನ ಜಲ್ಲಿದಾರಿಯಲ್ಲಿ ಒಬ್ಬ ಹೆಂಗಸು ಒಬ್ಬಳೇ ನಡೆಯುತ್ತಿದ್ದಾಳೆ. ಅವಳ ಹಿಂದೆ ಗಂಡ ಬರುತ್ತಿದ್ದಾನೆ. ಅವನು ಪರದೆಯಲ್ಲಿ ಕಾಣುವುದಿಲ್ಲ. ಅವಳ ಹೆಜ್ಜೆ ಬಿದ್ದಾಗಲೇ ಅವನೂ ಹೆಜ್ಜೆ ಇಡುತ್ತಾನೆ, ಸದ್ದು ಅವಳ ಸದ್ದಿನ ಕೆಳಗೆ ಅಡಗಲಿ ಎಂದು. ಅವಳು ಚಪ್ಪಲಿಗೆ ಸಿಕ್ಕ ಕಲ್ಲು ತೆಗೆಯಲು ಥಟ್ಟನೆ ನಿಲ್ಲುತ್ತಾಳೆ. ಅವನೂ ನಿಲ್ಲಬೇಕು. ನಿಲ್ಲುತ್ತಾನೆ, ಆದರೆ ಒಂದು ಹೆಜ್ಜೆ ತಡವಾಗಿ. ಆ ಒಂದು ಹೆಜ್ಜೆ ಮಾತ್ರ ಬರಿಯ ಮೌನದಲ್ಲಿ ಬೀಳುತ್ತದೆ.

ಮಾರಿತ್ಸಾ ತೊಟ್ಟಿಯಲ್ಲಿ ನಿಂತಲ್ಲೇ ನಡೆಯುತ್ತಾರೆ. ಪರದೆಯ ಹೆಂಗಸು ನಿಲ್ಲುತ್ತಾಳೆ. ಮಾರಿತ್ಸಾ ಇನ್ನೊಂದು ಹೆಜ್ಜೆ ಇಟ್ಟು ನಿಲ್ಲುತ್ತಾರೆ.

“ಹೇಗಿತ್ತು?”

“ಚೆನ್ನಾಗಿತ್ತು.”

“ಸಾವಿನ ಮನೇಲಿ ಊಟ ಚೆನ್ನಾಗಿತ್ತು ಅಂತಾರಲ್ಲ, ಹಾಗೆ ಹೇಳ್ತಿದೀಯ ನೀನು. ಸುಳ್ಳು ಕಣೋ ಅದು. ಬೇಕಂತ ಇಟ್ಟ ಹೆಜ್ಜೆ. ಬಾಗಿಲು ತಟ್ಟಿದ ಹಾಗೆ ಕೇಳ್ಸತ್ತೆ. ಇನ್ನೊಂದ್ಸಲ.”

ಇನ್ನೊಂದು ಸಲ. ಮತ್ತೊಂದು ಸಲ. ಸೋಮವಾರದಿಂದ ಇದೇ ನಡೆದಿದೆ; ಇವತ್ತು ಬುಧವಾರ.

ಆ ಚಿತ್ರ ‘ದೋಣಿಮನೆಯ ಬೀಗ’. ಯುದ್ಧ ಮುಗಿದ ಎರಡು ವರ್ಷಕ್ಕೆ ಬಂದದ್ದು. ಹೆಂಡತಿ ಲೆನೋರಾಳನ್ನು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುವ, ಪ್ರೀತಿಸಿ ಪ್ರೀತಿಸಿ ಅವಳಿಗೆ ಉಸಿರಾಡಲೂ ಜಾಗ ಬಿಡದ ಗಂಡ ಹಾಲ್ಡನ್‌ನ ಕಥೆ. ದೋಣಿ ರಿಪೇರಿಗೆ ಬಂದವನ ಜೊತೆ ಅವಳು ಎರಡು ಮಾತಾಡಿ ನಕ್ಕಳು ಅನ್ನುವುದಷ್ಟೇ ಕಾರಣ; ದೋಣಿಮನೆಗೆ ಬೀಗ ಬೀಳುತ್ತದೆ, ಆಮೇಲೆ ಒಂದೊಂದಾಗಿ ಮನೆಯ ಎಲ್ಲ ಬಾಗಿಲಿಗೂ. ಈ ಊರಲ್ಲಿ ಐವತ್ತು ದಾಟಿದ ಯಾರನ್ನಾದರೂ ಕೇಳಿ. ಕೊನೆಗೆ ಯಾರು ಸತ್ತರು ಅಂದರೆ ತಡವರಿಸುತ್ತಾರೆ. ಕೆರೆ ದಂಡೆಯ ಆ ಹೆಜ್ಜೆ ಅಂದರೆ ಸಾಕು, ತೋಳು ಉಜ್ಜಿಕೊಳ್ಳುತ್ತಾರೆ. “ನಮ್ಮಮ್ಮ ಆವತ್ತಿಂದ ಸಂಜೆ ಮೇಲೆ ಒಬ್ಬಳೇ ಬಟ್ಟೆ ತೆಗೆಯೋಕೆ ಹಿತ್ತಲಿಗೆ ಹೋಗ್ತಿರಲಿಲ್ಲ,” ಎಂದು ಸೋಫಾ ಅಂಗಡಿಯ ಯಜಮಾನನೇ ಹೇಳುತ್ತಾನೆ. ಆದರೆ ಅವನ ಮಕ್ಕಳು ಅದನ್ನು ಕೇಳಿಲ್ಲ. ಟೀವಿಯವರು ಸಾಬೂನಿನ ಜಾಹೀರಾತಿಗೆ ಜಾಗ ಮಾಡಲು ಆ ನಡಿಗೆಯನ್ನೇ ಕತ್ತರಿಸಿ ಹಾಕಿದ್ದರು.

ಈಗ ಹಳೆಯ ಚಿತ್ರಗಳನ್ನು ಕಾಪಾಡುವ ಸಂಸ್ಥೆಯೊಂದು ಅದನ್ನು ಪೂರ್ತಿಯಾಗಿ ಜೋಡಿಸುತ್ತಿದೆ. ವಸಂತದಲ್ಲಿ ಬ್ರಾಡ್‌ವೇ ಬೀದಿಯ ಹಳೇ ಚಿತ್ರಮಂದಿರದಲ್ಲಿ ಪ್ರದರ್ಶನ. ಎಲ್ಲ ರೀಲುಗಳೂ ಸಿಕ್ಕಿವೆ. ಕೆರೆಯ ರೀಲಿನಲ್ಲಿ ಮಾತ್ರ ಚಿತ್ರ ಉಳಿದು, ಅಂಚಿನ ಧ್ವನಿಪಟ್ಟಿ ಥಂಡಿ ತಗುಲಿ ಅಂಟಂಟಾಗಿ ಹೋಗಿದೆ. ಆ ರೀಲಿನಲ್ಲಿ ಮಾತಿಲ್ಲ, ಸಂಗೀತವಿಲ್ಲ. ಜೀರುಂಡೆ, ನೀರು, ಎರಡು ಜೊತೆ ಕಾಲು, ಅಷ್ಟೇ. ಹಾಗಾಗಿ ಹೊಸದಾಗಿ ನಡೆದು ತುಂಬಬಹುದು. ಶುಕ್ರವಾರದೊಳಗೆ ಆಗದಿದ್ದರೆ ಗೋದಾಮಿನಲ್ಲಿರುವ ‘ಡಬ್ಬಿ ಹೆಜ್ಜೆ’ ಅಂಟಿಸುತ್ತಾರೆ. ಯಾವ ಚಿತ್ರಕ್ಕೆ ಬೇಕಾದರೂ ಅಂಟಿಸಲೆಂದು ಯಾವಾಗಲೋ ಮುದ್ರಿಸಿಟ್ಟ, ಯಾರದೂ ಅಲ್ಲದ ಹೆಜ್ಜೆಗಳು ಅವು.

ಹಾಲ್ಡನ್‌ನ ಹೆಜ್ಜೆ ಆವತ್ತೂ ಮಾರಿತ್ಸಾರದೇ. ಲೆನೋರಾಳದು? ಅವರು ಬೂಟಿನ ಲೇಸು ಬಿಚ್ಚುತ್ತಾ ನಗುತ್ತಾರೆ.

“ನಮ್ಮ ಯಜಮಾನರದು.”

ಮಾರಿತ್ಸಾ ಹುಟ್ಟಿದ್ದು ಸ್ಯಾನ್ ಪೆಡ್ರೋ ಬಂದರಿನಲ್ಲಿ. ಅಪ್ಪ ಆಂಟೆ ರಾಡೋವಿಚ್, ಡಾಲ್ಮೇಷಿಯಾದ ದ್ವೀಪವೊಂದರಿಂದ ಬಂದು ಮೀನು ಡಬ್ಬಿ ಕಾರ್ಖಾನೆಯವರ ಬೂಟಿಗೆ ಅಟ್ಟೆ ಹೊಡೆಯುತ್ತಿದ್ದವರು. ಅಂಗಡಿಯ ಮುಂದೆ ಹಾದು ಹೋಗುವವರನ್ನು ತಲೆಯೆತ್ತದೆ ಗುರುತು ಹಿಡಿಯುವುದು ಅಪ್ಪ ಮಗಳ ಆಟ. “ಅಗೋ, ಸ್ತಿಪೆ ಬಂದ. ಕುಡ್ದಿದಾನೆ. ಹೆಂಡ್ತಿ ಹಿಂದೇನೇ ಬರ್ತಿದಾಳೆ ನೋಡು,” ಎಂದು ಅಪ್ಪ ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಹೇಳುತ್ತಿದ್ದರು. ಮಗಳಿಗೆ ಬಂದದ್ದು ಅಪ್ಪನ ಕಿವಿ, ಅಪ್ಪನದೇ ದೊಡ್ಡ, ಭಾರದ ಕಾಲು ಕೂಡ. “ಚರ್ಚಿಗೆ ಹೋದ್ರೆ ಪಾದ್ರಿ ಪ್ರಾರ್ಥನೆ ನಿಲ್ಲಿಸಿ ತಿರುಗಿ ನೋಡೋರು. ನಮ್ಮಮ್ಮ ಅಳೋಳು: ಈ ದೋಣಿಗಳಿಗೆ ಯಾವ ಗಂಡು ಸಿಗ್ತಾನೆ ಅಂತ.”

ಯುದ್ಧಕ್ಕೆ ಗಂಡಸರೆಲ್ಲ ಹೋದಾಗ ಸ್ಟುಡಿಯೋವೊಂದರ ಪಾದರಕ್ಷೆ ಕೋಣೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ಸದ್ದಿನ ವಿಭಾಗ ಎರಡೇ ಬಾಗಿಲು. ಗಂಡಸರ ನಡಿಗೆ ನಡೆಯುವ ಗಂಡಸರೇ ಇರಲಿಲ್ಲ. ಒಂದು ದಿನ ಯಾರೋ ಈ ಹುಡುಗಿಯ ಕಾಲು ನೋಡಿ ಒಂದು ಸಿಪಾಯಿ ಬೂಟು ಕೊಟ್ಟು “ನಡಿ” ಅಂದರು. ನಡೆದಳು. ಒಂದು ಇಡೀ ಪಡೆಯ ಹಾಗೆ ಕೇಳಿಸಿತಂತೆ.

ಯುದ್ಧ ಮುಗಿದ ಮೇಲೆ ಆ ಸದ್ದಿನ ಕೋಣೆ ಸೇರಿಕೊಂಡವರು ಆರ್ವಿಲ್ ಟೆಟ್ಲೋ. ಓಕ್ಲಹೋಮಾದವರು, ಎಮ್ಮೆಯಂಥ ಮೈ, ಗುಬ್ಬಚ್ಚಿಯಂಥ ಪಾದ. ಊರೂರು ಸುತ್ತುವ ನಾಟಕ ಕಂಪನಿಯಲ್ಲಿ ಕುಣಿಯುತ್ತಿದ್ದು, ಕಂಪನಿ ಮುಳುಗಿದ ಮೇಲೆ ಇಲ್ಲಿಗೆ ಬಂದವರು. ಹೆಂಗಸರ ಎತ್ತರದ ಹಿಮ್ಮಡಿ ಚಪ್ಪಲಿ ಅವರ ಕಾಲಿಗೆ ಸಲೀಸಾಗಿ ಕೂರುತ್ತಿತ್ತು. ರಾಣಿ, ದಾದಿ, ವೇಶ್ಯೆ, ಮದುಮಗಳು, ಎಲ್ಲರಿಗೂ ಅವರೇ ಕಾಲು. ಹೀಗಾಗಿ ಪರದೆಯ ಮೇಲೆ ಗಂಡ ಹೆಂಡತಿ ತೋಳು ಹಿಡಿದು ನಡೆದರೆ, ತೊಟ್ಟಿಯಲ್ಲಿ ಹೆಂಡತಿಯಾಗಿ ಆರ್ವಿಲ್, ಗಂಡನಾಗಿ ಮಾರಿತ್ಸಾ.

ಈ ಕೆಲಸದಲ್ಲಿ ಬರೆಯದ ಕಟ್ಟಳೆಯೊಂದಿದೆ: ಒಂದು ಪಾತ್ರದ ಕಾಲನ್ನು ಇನ್ನೊಬ್ಬರಿಗೆ ಸಾಲ ಕೊಡುವುದಿಲ್ಲ. ಮೊದಲ ರೀಲಿನಲ್ಲಿ ಯಾರು ನಡೆದರೋ ಕೊನೆಯ ರೀಲಿನಲ್ಲೂ ಅವರೇ. ಜ್ವರ ಬಂದರೆ ಕಾಯುತ್ತಾರೆ.

‘ದೋಣಿಮನೆಯ ಬೀಗ’ಕ್ಕೆ ನಡೆಯುವಾಗ ಆರ್ವಿಲ್ ಒಂದು ಹೊಸ ಅಭ್ಯಾಸ ಶುರು ಮಾಡಿದರು. ಲೆನೋರಾ ಪಾತ್ರದ ನಟಿ ಹೇಗೆ ನಡೆಯುತ್ತಾಳೆ ಎಂದು ನೋಡಲು ದಿನವೂ ಚಿತ್ರೀಕರಣಕ್ಕೆ ಹೋಗಿ ನಿಲ್ಲುವುದು. ಕೊನೆಗೆ ಅವಳು ಕಾಲಲ್ಲಿ ಹಾಕಿದ್ದ ಕರೀ ಚಪ್ಪಲಿಯನ್ನೇ ಕೇಳಿ ತಂದರು. ಊಟದ ಬಿಡುವಿನಲ್ಲಿ ಮೆತ್ತನೆಯ ಬಟ್ಟೆಯಿಂದ ಅದನ್ನು ಒರೆಸುತ್ತಾ ಕೂರುವರು. ಆಗ ಇಬ್ಬರಿಗೂ ಮದುವೆಯಾಗಿರಲಿಲ್ಲ. ಅಂಥ ಮಾತೂ ಆಗಿರಲಿಲ್ಲ. ದಿನಾ ಒಂದೇ ಬೆಂಚಿನಲ್ಲಿ ಕೂತು ಸ್ಯಾಂಡ್‌ವಿಚ್ ಹಂಚಿಕೊಳ್ಳುತ್ತಿದ್ದರು, ಅಷ್ಟೇ.

“ನನಗೆ ಮೈಯೆಲ್ಲ ಉರಿ,” ಎನ್ನುತ್ತಾರೆ ಮಾರಿತ್ಸಾ, ನಿನ್ನೆ ನಡೆದದ್ದರ ಹಾಗೆ. “ಎರಡು ವಾರ ನಾನು ತಂದ ಸಾರ್ಡೀನ್ ಸ್ಯಾಂಡ್‌ವಿಚ್ ತಿಂದು, ಕೈ ತೊಳ್ಕೊಂಡು ಬಂದು ಅವಳ ಚಪ್ಪಲಿ ಮುಟ್ಟೋನು. ಕೈ ತೊಳ್ಕೊಂಡು! ನನ್ನ ಸ್ಯಾಂಡ್‌ವಿಚ್ ವಾಸನೆ ಅವಳ ಚಪ್ಪಲಿಗೆ ತಾಗಬಾರದಂತೆ.”

ಕೆರೆಯ ರೀಲಿನ ದಿನ ಆ ಉರಿ ಹೊತ್ತುಕೊಂಡೇ ತೊಟ್ಟಿಗೆ ಇಳಿದರು. ಆಗೆಲ್ಲ ಇಬ್ಬರ ಹೆಜ್ಜೆಯೂ ಒಟ್ಟಿಗೇ, ಒಂದೇ ಮೈಕಿಗೆ. ಮುಂದೆ ಆರ್ವಿಲ್, ಆ ಚಪ್ಪಲಿ ಹಾಕಿಕೊಂಡು, ಹಿಂದೆ ಮಾರಿತ್ಸಾ. ಕಣ್ಣು ಪರದೆಯ ಮೇಲಿರಬೇಕು. ಇವರ ಕಣ್ಣು ಇದ್ದದ್ದು ಆ ಚಪ್ಪಲಿಯೊಳಗಿನ ಹಿಮ್ಮಡಿಯ ಮೇಲೆ. ಲೆನೋರಾ ನಿಂತಳು, ಆರ್ವಿಲ್ ನಿಂತರು. ಮಾರಿತ್ಸಾ ಪರದೆ ನೋಡಲೇ ಇಲ್ಲ. ಇನ್ನೊಂದು ಹೆಜ್ಜೆ ಬಿದ್ದುಹೋಯಿತು.

ಪಿಟೀಲಿನ ಸಂಗೀತದಡಿ ಅದು ಮುಚ್ಚಿಹೋಗುತ್ತದೆ ಎಂದು ಆವತ್ತು ಹಾಗೇ ಬಿಟ್ಟರು. ಆದರೆ ಸಂಗೀತ ಸೇರಿಸುವ ದಿನ ನಿರ್ದೇಶಕ ಆ ಹೆಜ್ಜೆ ಕೇಳಿದರು. ಎದ್ದು ನಿಂತರು. “ಯಾರದು ಆ ಕಾಲು?” ಎಂದು ಕೂಗಿದರು. ಮಾರಿತ್ಸಾ ಗೋಡೆಗೆ ಒರಗಿ, ಅಪ್ಪನ ಅಂಗಡಿಗೆ ವಾಪಸು ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಯೋಚಿಸುತ್ತಿದ್ದರು. ನಿರ್ದೇಶಕ ಕೂತು ಹೇಳಿದ್ದು ಇಷ್ಟು: “ಪಿಟೀಲು ತೆಗೀರಿ. ಪೂರ್ತಿ ತೆಗೀರಿ.”

ಗ್ಲೆಂಡೇಲಿನ ಚಿತ್ರಮಂದಿರದಲ್ಲಿ ಮೊದಲ ಸಲ ಜನರಿಗೆ ತೋರಿಸಿದಾಗ ಇಬ್ಬರೂ ಹಿಂದಿನ ಸಾಲಿನಲ್ಲಿದ್ದರು. ಆ ಹೆಜ್ಜೆ ಬಿತ್ತು. ಇಡೀ ಚಿತ್ರಮಂದಿರ ಒಟ್ಟಿಗೆ ಉಸಿರು ಒಳಗೆಳೆದುಕೊಂಡಿತು. “ಅಷ್ಟು ಜನರ ಉಸಿರು ಒಂದೇ ಸಲ ಒಳಗೆ ಹೋದರೆ ಹೇಗೆ ಕೇಳ್ಸತ್ತೆ ಗೊತ್ತಾ? ಸಮುದ್ರ ಹಿಂದಕ್ಕೆ ಸರಿದ ಹಾಗೆ.”

ಹೊರಗೆ ಬಂದ ಮೇಲೆ ಕಾರು ನಿಲ್ಲಿಸುವ ಜಾಗದಲ್ಲಿ ಆರ್ವಿಲ್ ಕೇಳಿದರು: “ನೀನು ಆವತ್ತು ಪರದೆ ನೋಡ್ತಿರಲಿಲ್ಲ, ಅಲ್ವಾ?”

“ಆ ದರಿದ್ರ ಚಪ್ಪಲಿ ನೋಡ್ತಿದ್ದೆ.”

“ಯಾಕೆ? ನಿನಗೂ ಒಂದು ಜೊತೆ ಬೇಕಿತ್ತಾ?”

“ನನ್ನ ಅಳತೆದು ಗಂಡಸರ ಅಂಗಡೀಲೇ ಸಿಗೋದು. ನೀನು ಅವಳನ್ನ ನೋಡೋಕೆ ಹೋಗ್ತಿದ್ದೆ ದಿನಾ.”

“ಅವಳನ್ನಲ್ಲ ಕಣೇ, ಅವಳ ನಡಿಗೇನ. ಅದೂ ದಂಡ. ಕೊಕ್ಕರೆ ನಡೆದ ಹಾಗೆ ನಡೀತಾಳೆ ಮಹಾತಾಯಿ. ಕೊನೆಗೆ ನಾನೇ ಒಂದು ನಡಿಗೆ ಕಟ್ಟಬೇಕಾಯ್ತು.” ಆಮೇಲೆ ಅಂದರಂತೆ: “ಕೈ ತೊಳ್ಕೊತಿದ್ದದ್ದು ಮೀನಿನ ವಾಸನೆಗಲ್ಲ. ಎಣ್ಣೆ ತಾಗಿದ್ರೆ ಚರ್ಮ ಮೆತ್ತಗಾಗಿ ಸದ್ದು ಸಾಯತ್ತೆ. ಚಪ್ಪಲಿ ಮಾರೋನ ಮಗಳಾಗಿ ಅಷ್ಟೂ ಗೊತ್ತಿಲ್ವಾ?”

“ಮಾರೋನಲ್ಲ, ಹೊಲಿಯೋನು. ನಮ್ಮಪ್ಪನ ಸುದ್ದಿಗೆ ಬರಬೇಡ,” ಎಂದು ಮಾರಿತ್ಸಾ ಗದರಿಸಿದರು. ಮುಂದಿನ ವಸಂತದಲ್ಲಿ ಸ್ಯಾನ್ ಪೆಡ್ರೋದ ಚರ್ಚಿನಲ್ಲಿ ಮದುವೆ. ಇವರು ಹಜಾರದಲ್ಲಿ ನಡೆದು ಬರುವಾಗ ಪಾದ್ರಿ ಈ ಸಲ ನಕ್ಕರಂತೆ.

ಆಮೇಲಿನದು ದುಡಿಮೆ. ಸ್ಟುಡಿಯೋಗಳು ಸೊರಗಿದವು, ಟೀವಿ ಬಂತು. ಈಗಲೂ ಮಾರಿತ್ಸಾ ಒಂದು ಬೆಳಿಗ್ಗೆಯಲ್ಲಿ ಮೂರು ಕೊಲೆ ಮುಗಿಸಿ, ಮಧ್ಯಾಹ್ನ ಆಸ್ಪತ್ರೆಯ ಧಾರಾವಾಹಿಗೆ ಡಾಕ್ಟರಾಗಿ ನಡೆದು, ಸಂಜೆಗೆ ಮುನ್ನ ಒಂದು ನಾಯಿಯಾಗಿ ಅಂಗಳ ದಾಟುತ್ತಾರೆ. ಮೂಳೆ ಮುರಿಯಬೇಕೆಂದರೆ ಸೆಲರಿ ಸೊಪ್ಪಿನ ದಂಟು. ಹಿಮದಲ್ಲಿ ನಡೆಯಬೇಕೆಂದರೆ ಜೋಳದ ಹಿಟ್ಟು ತುಂಬಿದ ತೊಗಲು ಚೀಲ. “ಅಂಗಡಿಯವನು ನನ್ನ ಸಾಮಾನು ನೋಡಿ, ನಿಮ್ಮನೇಲಿ ಸೂಪ್ ಜಾಸ್ತಿ ಮಾಡ್ತೀರಾ ಅಂತಾನೆ. ಹೂಂನಪ್ಪ, ನಿನ್ನೆ ಇಬ್ಬರ ಕೈಕಾಲು ಮುರಿದೆ ಅಂತೀನಿ.” ಮಂಡಿ ರಾತ್ರಿ ನೋಯುತ್ತದೆ. ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗುತ್ತಾರೆ. ಪರದೆಯ ಮೇಲೆ ಎಲ್ಲೂ ಇವರ ಹೆಸರಿಲ್ಲ.

ಎರಡು ವರ್ಷದ ಹಿಂದೆ ಆರ್ವಿಲ್‌ಗೆ ಪಾರ್ಶ್ವವಾಯು ಬಡಿಯಿತು. ಎಡಗಾಲು ಪೂರ್ತಿ ಹೋಯಿತು, ಎಡಗೈ ಅರ್ಧ. ಮಾತು ನಿಧಾನವಾಯಿತು, ನಾಲಿಗೆಯ ಹರಿತ ಹೋಗಲಿಲ್ಲ. ಆದರೆ ಆವತ್ತಿನಿಂದ ಅವರು ಈ ಕೋಣೆಯ ಹೊಸ್ತಿಲು ತುಳಿದಿಲ್ಲ. “ಹೂವಿನಂಗಡೀಗೆ ಕುರುಡನ್ನ ಕರ್ಕೊಂಡು ಹೋಗ್ತೀಯಾ?” ಎಂದರಂತೆ. ಹೆಂಡತಿ ಮತ್ತೆ ಕೇಳಲಿಲ್ಲ.

ಈಗ ಅರ್ಥವಾಗಬೇಕು, ಮಾರಿತ್ಸಾ ಯಾಕೆ ಹಟ ಹಿಡಿದಿದ್ದಾರೆ ಎಂದು. ಆರ್ವಿಲ್ ನಡೆದ ಚಿತ್ರಗಳಿಗೆ ಲೆಕ್ಕವಿಲ್ಲ. ಆದರೆ ಎಲ್ಲದರಲ್ಲೂ ಮೇಲೆ ಮಳೆ, ಮಾತು, ವಾದ್ಯ. ಅವರ ನಡಿಗೆ ಬರಿಮೈಯಲ್ಲಿ ಕೇಳುತ್ತಿದ್ದದ್ದು ಕೆರೆಯ ರೀಲಿನಲ್ಲಿ ಮಾತ್ರ. “ಮನೇಲಿ ಈಗ ಚಕ್ರದ ಸದ್ದು,” ಎನ್ನುತ್ತಾರೆ. “ಹಳೇದು ಹೋಯ್ತು, ಹೋಗ್ಲಿ. ಆ ಜಾಗಕ್ಕೆ ಇನ್ಯಾರೋ ಬಂದು ನಿಲ್ಲೋದು ನನ್ನ ಕೈಲಿ ಆಗಲ್ಲ.”

ಮಂಗಳವಾರ ತಾವೇ ಲೆನೋರಾ ಆಗಿ ನಡೆದು ನೋಡಿದ್ದರು. “ಮೀನುಗಾರ ಯಾರದೋ ಹೆಂಡತಿ ಚಪ್ಪಲಿ ಕದ್ದು ಓಡಿದ ಹಾಗೆ ಕೇಳಿಸ್ತು,” ಎಂದು ಅವರೇ ತೀರ್ಪು ಕೊಟ್ಟರು. ಇವತ್ತು, ಬುಧವಾರ, ವಿಮಾನಗಳು ಏಳಲು ಶುರುವಾಗಿ ಕೆಲಸ ನಿಂತ ಮೇಲೆ ಕ್ಲೋವಿಸ್ ತಗ್ಗಿದ ದನಿಯಲ್ಲಿ ಹೇಳುತ್ತಾನೆ: “ಒಬ್ಬ ಇದ್ದಾನೆ ಮಿಸ್ ಮಾರಿತ್ಸಾ. ಬ್ಯಾಲೆ ಕುಣಿಯೋನು, ಈಗ ಇದೇ ಕೆಲಸ ಕಲ್ತಿದಾನೆ. ಹಗುರ ಕಾಲು. ಶುಕ್ರವಾರ ಕರೀಲಾ? ಇಲ್ಲಾಂದ್ರೆ ಡಬ್ಬಿ ಹೆಜ್ಜೆ ಹಾಕ್ತಾರೆ.”

ಮಾರಿತ್ಸಾ ಮೊಳೆಯಿಂದ ಉಂಗುರ ತೆಗೆದು ಬೆರಳಿಗೆ ಹಾಕಿಕೊಳ್ಳುತ್ತಾರೆ.

ಗುರುವಾರ ಮಧ್ಯಾಹ್ನ, ಸನ್ ವ್ಯಾಲಿಯ ಅವರ ಪುಟ್ಟ ಮನೆಯ ಅಡುಗೆಕೋಣೆ. ಎಲೆಕೋಸಿನ ಎಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಸರ್ಮಾ, ಟೊಮೆಟೊ ಸಾರು. ಆರ್ವಿಲ್ ಬಲಗೈಯಲ್ಲಿ ಚಮಚ ಹಿಡಿದು ತಿನ್ನುತ್ತಿದ್ದಾರೆ. ಮಾರಿತ್ಸಾ ಒಲೆಯ ಕಡೆ ಮುಖ ಮಾಡಿಕೊಂಡು, ಹವಾಮಾನದ ಸುದ್ದಿ ಹೇಳುವ ಹಾಗೆ ಹೇಳುತ್ತಾರೆ:

“ನಾಳೆ ಲೆನೋರಾ ನಡೆಯೋಕೆ ಒಬ್ಬ ಹುಡುಗ ಬರ್ತಾನಂತೆ.”

ಚಮಚ ನಿಲ್ಲುತ್ತದೆ. “ಯಾವ ಹುಡುಗ?”

“ಬ್ಯಾಲೆ ಕುಣಿಯೋನು. ಒಳ್ಳೆ ಹಗುರ ಕಾಲಂತೆ. ಕಣಕಾಲು ಹೀಗೆ ಸಣ್ಣಗೆ.”

“ಕಣಕಾಲು ನೋಡಿದೀಯಾ?”

“ಇನ್ನೂ ಇಲ್ಲ. ನಾಳೆ ನೋಡ್ತೀನಲ್ಲ, ಅವನ ಹಿಂದೇನೇ ನಡೀಬೇಕು.”

ಆರ್ವಿಲ್ ಚಮಚವನ್ನು ತಟ್ಟೆಗೆ ಕುಕ್ಕುತ್ತಾರೆ. “ನನ್ನ ಹೆಂಡ್ತಿ ಯಾವನೋ ಕುಣಿಯೋನ ಹಿಂದೆ ನಡೀಬೇಕಾ? ಲೆನೋರಾ ಕಾಲು ನಂದು. ಸಾಲ ಕೊಟ್ಟಿಲ್ಲ ನಾನು.”

“ಮತ್ತೆ ನೀನು ಬರಲ್ಲ ಅಂತೀಯಲ್ಲ, ಮುದುಕ.”

“ಕಾಲಿಲ್ಲ ಅಂದೆ. ಕೈಯಿಲ್ಲ ಅಂದ್ನಾ?”

ಮಾರಿತ್ಸಾ ತಿರುಗುತ್ತಾರೆ. ಇಕ್ಕಟ್ಟಾದ ಮೆಟ್ಟಿಲು, ಮಕ್ಕಳ ನಡಿಗೆ ಇಂಥದ್ದಕ್ಕೆಲ್ಲ ಚಪ್ಪಲಿಗೆ ಕೈ ತೂರಿಸಿ ‘ಕೈನಡಿಗೆ’ ನಡೆಯುವುದು ಈ ಕೆಲಸದಲ್ಲಿ ಹಳೇ ರೂಢಿ. ಅವರಿಗೂ ಅದು ಎಂದೋ ಹೊಳೆದಿತ್ತು. ಆ ಮಾತು ಅವರ ಬಾಯಿಂದ ಬಂದಿದ್ದರೆ ಆರ್ವಿಲ್‌ಗೆ ಅದು ಕರುಣೆ ಅನ್ನಿಸುತ್ತಿತ್ತು. ಅದಕ್ಕೇ ಬ್ಯಾಲೆ ಹುಡುಗನ ಕಣಕಾಲು.

“ಅಲಮಾರಿನ ಮೇಲ್ಗಡೆ ಬಿಸ್ಕತ್ ಡಬ್ಬಿ ಇದೆ, ಇಳಿಸು,” ಎನ್ನುತ್ತಾರೆ ಆರ್ವಿಲ್.

ಡಬ್ಬಿಯಲ್ಲಿ ಮೆತ್ತನೆಯ ಬಟ್ಟೆಯ ನಡುವೆ ಲೆನೋರಾಳ ಕರೀ ಚಪ್ಪಲಿ. ಚರ್ಮ ಇನ್ನೂ ಗಟ್ಟಿಯಾಗಿದೆ. ವರ್ಷ ವರ್ಷವೂ ಯಾರೋ ಒರೆಸಿಟ್ಟಿದ್ದಾರೆ.

“ಇದನ್ನ ಎಸೆದೆ ಅಂದಿದ್ದೆ ನೀನು!”

“ನೀನು ಉರ್ಕೊಂಡಿದ್ದಕ್ಕೆ ಗುರುತು ಅಂತ ಇಟ್ಕೊಂಡೆ. ಹೋಗು, ಕೈ ತೊಳೆಯೋಕೆ ನೀರು ತಾ.”

ಶುಕ್ರವಾರ, ಬೆಳಕು ಹರಿಯುವ ಮುನ್ನ. ಸೋಫಾ ಅಂಗಡಿಯ ಹಿಂದಿನ ಮೆಟ್ಟಿಲಿಗೆ ಕ್ಲೋವಿಸ್ ಹಲಗೆ ಹಾಸಿ ಗಾಲಿಕುರ್ಚಿಯನ್ನು ಒಳಗೆ ತಳ್ಳುತ್ತಾನೆ. ಆರ್ವಿಲ್ ಕೋಣೆಯನ್ನು ಒಮ್ಮೆ ಸುತ್ತ ನೋಡಿ, ಮೂಗರಳಿಸಿ, “ಧೂಳು ಗುಡಿಸಲ್ವೇನಯ್ಯಾ?” ಎನ್ನುತ್ತಾರೆ. ತೊಡೆಯ ಎತ್ತರಕ್ಕೆ ಮೇಜು ಬರುತ್ತದೆ, ಅದರ ಮೇಲೆ ತಟ್ಟೆ, ತಟ್ಟೆಯಲ್ಲಿ ಜಲ್ಲಿ. ಆರ್ವಿಲ್ ಒಂದು ಹಿಡಿ ಎತ್ತಿ ಕಿವಿಯ ಬಳಿ ಅಲುಗಿಸುತ್ತಾರೆ.

“ನೀರು ಕಮ್ಮಿ.”

“ಸರಿಯಾಗಿದೆ.”

“ಕಮ್ಮಿ ಕಣೇ.”

ಮಾರಿತ್ಸಾ ಗೊಣಗುತ್ತಲೇ ನೀರು ಚಿಮುಕಿಸುತ್ತಾರೆ. ಇಬ್ಬರ ಉಂಗುರವೂ ಮೊಳೆಗೆ ಹೋಗುತ್ತದೆ. ಆರ್ವಿಲ್‌ರ ಬಲಗೈ ಚಪ್ಪಲಿಯೊಳಗೆ ಸುಲಭವಾಗಿ ಕೂರುತ್ತದೆ. ಎಡಗೈಯನ್ನು ಮಾರಿತ್ಸಾ ಬೆರಳು ಬೆರಳಾಗಿ ತೂರಿಸಿ ಕೂರಿಸಬೇಕಾಗುತ್ತದೆ. ಆಮೇಲೆ ಅವರು ತೊಟ್ಟಿಗೆ ಇಳಿದು ಆರ್ವಿಲ್‌ರ ಹಿಂದೆ, ಸ್ವಲ್ಪ ಓರೆಯಲ್ಲಿ ನಿಲ್ಲುತ್ತಾರೆ.

“ಒಟ್ಟಿಗೇ ತಗೋ ಕ್ಲೋವಿಸ್. ಬೇರೆ ಬೇರೆ ಬೇಡ. ಒಂದೇ ಮೈಕು.”

ದೀಪ ಆರುತ್ತದೆ.

ಕೆರೆ. ಸಂಜೆ. ಲೆನೋರಾ ನಡೆಯುತ್ತಾಳೆ. ತಟ್ಟೆಯಲ್ಲಿ ಅವಳ ಹೆಜ್ಜೆ: ಹಿಮ್ಮಡಿ ಮೊದಲು, ಆಮೇಲೆ ಮುಂಗಾಲಿನ ಒಂದು ಸಣ್ಣ ಜಾರು, ಏನೋ ಹೇಳಲು ಹೋಗಿ ನುಂಗಿಕೊಂಡ ಹಾಗೆ. ಎರಡು ವರ್ಷದಿಂದ ಸನ್ ವ್ಯಾಲಿಯ ಮನೆಯಲ್ಲಿ ಕೇಳದ ನಡಿಗೆ. ಗಾಜಿನಾಚೆ ಕ್ಲೋವಿಸ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಾನೆ. ಮಾರಿತ್ಸಾರ ಬೂಟು ಆ ನಡಿಗೆಯ ಅಡಿಯಲ್ಲಿ, ಅದೇ ತಾಳದಲ್ಲಿ, ಭಾರವಾಗಿ ಬರುತ್ತಿದೆ.

ಲೆನೋರಾ ದೋಣಿಮನೆಯ ತಿರುವಿಗೆ ಬರುತ್ತಾಳೆ. ಆರ್ವಿಲ್‌ರ ಎಡಗೈಯ ಹಿಡಿತ ಸಡಿಲುತ್ತದೆ. ಚಪ್ಪಲಿ ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಜಾರುತ್ತಿದೆ. ಮಾರಿತ್ಸಾರ ಕಣ್ಣು ಪರದೆ ಬಿಟ್ಟು ಆ ಕೈಗೆ ಹೋಗುತ್ತದೆ.

ಲೆನೋರಾ ನಿಲ್ಲುತ್ತಾಳೆ. ಆರ್ವಿಲ್ ಚಪ್ಪಲಿಯನ್ನು ಜಲ್ಲಿಗೆ ಒತ್ತಿ ಹಿಡಿದು ನಿಲ್ಲಿಸುತ್ತಾರೆ.

ಮೌನ. ಆ ಮೌನದಲ್ಲಿ ಒಂದು ಬೂಟು ಬೀಳುತ್ತದೆ.

ಯಾರೂ ಅಲುಗುವುದಿಲ್ಲ. ಪರದೆಯ ಮೇಲೆ ಲೆನೋರಾ ತಿರುಗಿ ನೋಡುವುದಿಲ್ಲ. ಚಪ್ಪಲಿ ಹಾಕಿಕೊಂಡು ಮತ್ತೆ ನಡೆಯುತ್ತಾಳೆ, ಈ ಸಲ ಹಿಂದೆ ಯಾರೋ ಇದ್ದಾರೆಂದು ಗೊತ್ತಿದ್ದೂ. ಆರ್ವಿಲ್ ಅವಳನ್ನು ಕೊನೆಯವರೆಗೂ ನಡೆಸುತ್ತಾರೆ. ಪರದೆ ಬೆಳ್ಳಗಾಗುತ್ತದೆ. ಎಲ್ಲೋ ದೂರದಲ್ಲಿ ದಿನದ ಮೊದಲ ವಿಮಾನ ಗುಡುಗುತ್ತದೆ.

ಗಾಜಿನಾಚೆಯಿಂದ ಕ್ಲೋವಿಸ್‌ನ ದನಿ: “ಇನ್ನೊಂದು ತಗೊಳೋಣವಾ, ಮಿಸ್ ಮಾರಿತ್ಸಾ? ಇರಲಿ ಅಂತ?”

“ಬೇಡಪ್ಪ. ಒಂದೇ ತಪ್ಪನ್ನ ದೇವರು ಎರಡು ಸಲ ಕೊಟ್ಟಿದಾನೆ. ಮೂರನೇದಕ್ಕೆ ಕೈ ಚಾಚಬಾರದು.”

ಆರ್ವಿಲ್ ಕತ್ತು ತಿರುಗಿಸಿ ಹೆಂಡತಿಯನ್ನು ನೋಡುತ್ತಾರೆ. “ನೀನು ಪರದೆ ನೋಡ್ತಿರಲಿಲ್ಲ.”

“ಇಲ್ಲ.”

“ಮತ್ತೆ ಚಪ್ಪಲಿ ಮೇಲೆ ಹೊಟ್ಟೆಕಿಚ್ಚಾ? ಈ ವಯಸ್ಸಲ್ಲಿ?”

ಮಾರಿತ್ಸಾ ಅವರ ಎಡಗೈಯಿಂದ ಚಪ್ಪಲಿಯನ್ನು ಮೆಲ್ಲಗೆ ಬಿಡಿಸುತ್ತಾರೆ. “ಆವತ್ತು ನೀನು ಕೈತಪ್ಪಿ ಹೋಗ್ತೀಯ ಅಂತ ಭಯ ಇತ್ತು,” ಎನ್ನುತ್ತಾರೆ. “ಇವತ್ತೂ ಅದೇ ಭಯ. ಕಾಲಿಗೆ ವ್ಯತ್ಯಾಸ ಗೊತ್ತಾಗಲಿಲ್ಲ.”

ಆರ್ವಿಲ್ ಬಲಗೈಯ ಚಪ್ಪಲಿಯನ್ನೂ ಅವರ ಕಡೆ ಚಾಚುತ್ತಾರೆ.

ಹೊಸ ಪ್ರತಿಯ ಕೊನೆಯಲ್ಲಿ ಇಬ್ಬರ ಹೆಸರೂ ಹಾಕುತ್ತೇವೆ ಎಂದು ಸಂಸ್ಥೆಯವರು ಹೇಳಿ ಕಳಿಸಿದ್ದಾರೆ. ಮಾರಿತ್ಸಾ ಬೂಟಿನಿಂದ ಜಲ್ಲಿ ಕೊಡವುತ್ತಾ ಬೇಡ ಎನ್ನುತ್ತಾರೆ. “ಹೆಸರು ಬಂದ್ರೆ ಜನ, ಅಯ್ಯೋ ಅದು ಸ್ಯಾನ್ ಪೆಡ್ರೋದ ಒಬ್ಬ ಮುದುಕಿ ಅಂತಾರೆ. ಆಮೇಲೆ ಹಾಲ್ಡನ್‌ಗೆ ಯಾರು ಹೆದರ್ತಾರೆ?”

ಹಾಗಾದರೆ ಏನೂ ಬೇಡವೇ?

ಅವರು ಮೊಳೆಯಿಂದ ಎರಡೂ ಉಂಗುರ ತೆಗೆದು, ಮೊದಲು ಗಂಡನ ಬೆರಳಿಗೆ ಅವರದನ್ನು ಹಾಕಿ, ಯೋಚಿಸಿ ಹೇಳುತ್ತಾರೆ: “ಬ್ರಾಡ್‌ವೇ ಥಿಯೇಟರಲ್ಲಿ ಹಿಂದಿನ ಸಾಲಿಗೆ ಗಾಲಿಕುರ್ಚಿ ಹೋಗೋಷ್ಟು ಜಾಗ ಇದ್ರೆ ಸಾಕು. ನಾವು ಕಣ್ಣು ಮುಚ್ಚಿಕೊಂಡೇ ಕೂತಿರ್ತೀವಿ. ಆ ಹೆಜ್ಜೆ ಬಿದ್ದಾಗ ಜನ ಉಸಿರು ಒಳಗೆ ಎಳ್ಕೋತಾರಲ್ಲ, ಅದನ್ನ ಇನ್ನೊಂದ್ಸಲ ಇವನ ಜೊತೆ ಕೇಳಬೇಕು.”

“ಎಳ್ಕೊಳ್ದೇ ಇದ್ರೆ?” ಎನ್ನುತ್ತಾರೆ ಆರ್ವಿಲ್.

“ಎಳ್ಕೋತಾರೆ,” ಎಂದು ಮಾರಿತ್ಸಾ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸುತ್ತಾರೆ. “ಹಿಂದೆ ಬರ್ತಿರೋದು ಯಾರು ಅಂದ್ಕೊಂಡೆ?”